ಫ್ರಿಜ್ಜಿನ ಶ್ರುತಿ

ಗುರುವಾರ ರಾತ್ರಿ ಒಂಬತ್ತಕ್ಕೆ
ತಿಬಿಲಿಸಿಯ ನನ್ನ ಅಡುಗೆಮನೆಯೇ ರೇಡಿಯೋ ನಿಲಯ.
ಬಾಗಿಲಿಗೆ ಸೇನೆಯ ಹಳೇ ಕಂಬಳಿ,
ಅಕ್ರೋಟಿನ ಡಬ್ಬಿಯ ಮೇಲೆ ಮೈಕು.
ಪರದೆಯ ಮೂಲೆಯಲ್ಲಿ ಕೇಳುಗರ ಲೆಕ್ಕ: ಇಪ್ಪತ್ತಮೂರು.
ಅದರಲ್ಲೊಂದು ನನ್ನದೇ ಫೋನು.

"ನಾನು ಮಾಕ್ವಾಲ. ಇವತ್ತಿನ ಅತಿಥಿ ಒತಾರಿ,
ಐವತ್ತು ವರ್ಷದಿಂದ ಈ ಊರಿನ ಪಿಯಾನೋಗಳಿಗೆ
ಶ್ರುತಿ ಮಾಡುವವರು."
ಎರಡು ಹಾಡಾದ ಮೇಲೆ ಕೇಳಿದೆ:
ಮೊದಲ ಪಿಯಾನೋ ನೆನಪಿದೆಯೇ?
"ಹೂಂ."
ಕಷ್ಟದ್ದು ಯಾವುದು?
"ಎಲ್ಲವೂ."
ಬರೆದುಕೊಂಡ ಹದಿನಾಲ್ಕು ಪ್ರಶ್ನೆ
ನಾಲ್ಕೇ ನಿಮಿಷಕ್ಕೆ ತೀರಿಹೋದವು.
ಇಪ್ಪತ್ತಮೂರು ಹತ್ತೊಂಬತ್ತಾಯಿತು.

ಆಮೇಲೆ ಅವರು ತಲೆ ಓರೆ ಮಾಡಿ,
"ನಿಮ್ಮ ಫ್ರಿಜ್ಜು ಅಪಸ್ವರ ಹಿಡಿದಿದೆ,
ಕೂದಲೆಳೆಯಷ್ಟು ಕೆಳಗೆ.
ಅದರ ಮುಂದೆ ನಾನು ಹೇಗೆ ಮಾತಾಡಲಿ?"

ಪ್ಲಗ್ಗು ಕಿತ್ತೆ.
ಇಷ್ಟು ವರ್ಷ ನನ್ನ ಪ್ರತಿ ಮಾತಿನಡಿ
ಅದು ಗುಂಯ್‌ಗುಡುತ್ತಿತ್ತೆಂದು
ನಿಂತ ಮೇಲೆ ತಿಳಿಯಿತು.

ಒತಾರಿ ಕೆಮ್ಮಿದರು. ಚಹಾ ಊದಿದರು.
"ಕರೆಂಟಿಲ್ಲದ ಆ ಚಳಿಗಾಲ
ಜನ ಪಿಯಾನೋ ಒಡೆದು ಒಲೆಗೆ ಹಾಕಿದರು.
ಉರಿಯದ ತಂತಿಗಳನ್ನು ಸುತ್ತಿ
ಚೀಲದಲ್ಲಿ ನನ್ನ ಮನೆಗೆ ತಂದರು,
ಸತ್ತವರ ಬಟ್ಟೆ ತರುವ ಹಾಗೆ.
ಕೂರಲಿಲ್ಲ ಯಾರೂ."

ಎಷ್ಟು ಚೀಲ?
ಬರೆದುಕೊಂಡಿರದ ಹದಿನೈದನೇ ಪ್ರಶ್ನೆ.

ಅವರು ಬೆರಳು ಮಡಿಸುತ್ತ
ಮನೆಮನೆಯ ಹೆಸರು ಹೇಳತೊಡಗಿದರು,
ಬೀದಿ, ಮಹಡಿ, ಯಾವ ಸ್ವರ ಮೊಂಡು ಹಿಡಿಯುತ್ತಿತ್ತು ಎಂದೂ.
ಮುಂದಿನ ಹಾಡು ಹಾಕುವುದನ್ನು ಮರೆತೆ,
ಮೂಲೆಯ ಲೆಕ್ಕವನ್ನೂ.

ಬೆಳಿಗ್ಗೆ ನೋಡಿದರೆ
ಪ್ಲಗ್ಗು ನೆಲದ ಮೇಲೆಯೇ ಬಿದ್ದಿತ್ತು.
ಹಾಲು ಒಡೆದಿತ್ತು.
ಬೆಣ್ಣೆ ಸದ್ದಿಲ್ಲದೆ
ತಟ್ಟೆಯ ಆಕಾರಕ್ಕೆ ಇಳಿದಿತ್ತು.