ಬಲೆಯ ಕಣ್ಣಿನ ಲೆಕ್ಕ

ವಿಸ್ತೀರ್ಣ ಎಂದು ಬರೆದೆ ಬೋರ್ಡಿನಲ್ಲಿ.
ಒತ್ತಕ್ಷರದ ಹತ್ತಿರ ಸೀಮೆಸುಣ್ಣ ಮುರಿಯಿತು.
ನಾಲ್ಕನೇ ಕ್ಲಾಸಿನ ಹನ್ನೊಂದು ಬಾಯಿ
ಹನ್ನೊಂದು ಬಗೆಯಲ್ಲಿ ಅದನ್ನು ಜಗಿದು ಉಗುಳಿದವು.
ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ;
ಕನ್ನಡ ಇವರಿಗೆ ಹತ್ತರಿಂದ ನಾಲ್ಕರವರೆಗೆ.

ಪಕ್ಕದ ಮಲಯಾಳ ಡಿವಿಷನ್ನಿನ ಪ್ರಸೀದ ಟೀಚರ್
ಅದೇ ಪಾಠಕ್ಕೆ ಪರಪ್ಪಳವು ಅನ್ನುವುದು
ಅರ್ಧಗೋಡೆಯ ಮೇಲಿಂದ ಕೇಳಿಸಿತು.
ಪಕಾರವನ್ನು ಹಕಾರ ಮಾಡಿ ನೋಡಿದೆ:
ಪರಪು, ಹರಹು, ಹರವು.
"ಎಷ್ಟು ಹರವಿಕೊಂಡಿದೆ ಅಂತ ಅಳೆಯುವುದು ಮಕ್ಕಳೇ,
ಚಾಪೆ ಹರವಿದ ಹಾಗೆ."
ಚಾಪೆ ಅಂದಕೂಡಲೆ ಧನ್ವಿತ್ ಆಕಳಿಸಿದ.

ಮೊದಲು ಬಾದಾಮಿ ಎಲೆ ಹಾಸಿದೆವು ಮೇಜಿಗೆ.
ನಡುನಡುವೆ ಮರ ಇಣುಕಿತು.
ಚಿಪ್ಪು ಹಾಸಿದೆವು, ಅದರ ಸಂದಿಯೂ ಮುಚ್ಚಲಿಲ್ಲ.
ಅಂಗೈ ಊರಿ ಎಣಿಸಿದೆವು: ಸಫೂರಳ ಕೈಗೆ ನಲವತ್ತೆಂಟು,
ನನ್ನ ಕೈಗೆ ಮೂವತ್ತಮೂರು.
"ಟೀಚರಿಗೆ ಮೇಜು ಸಣ್ಣದು" ಅಂದಳು ಸಫೂರ.
ತಪ್ಪು ಅನ್ನಲಿಕ್ಕೆ ಬಾಯಿ ತೆರೆದವಳು
ಮುಚ್ಚಿಕೊಂಡೆ.

ಮರುದಿನ ಧನ್ವಿತನ ಹೆಗಲ ಮೇಲೊಂದು ಬಲೆ.
ಅವನ ಅಜ್ಜ, ಕೊಯಿಪ್ಪಾಡಿ ಕಡಪ್ಪುರದ ಐತಪ್ಪಣ್ಣ,
ಅಂಜಲಿಗೆ ಬಿಡುತ್ತಿದ್ದ ಹಳೇ ಬಲೆಯಿಂದ
ಗಂಟಿನ ಸಾಲು ಹಿಡಿದು ನೀಟಾಗಿ ಕತ್ತರಿಸಿ ಕೊಟ್ಟ ತುಂಡು.
ವಾಸನೆಗೆ ಬೆಕ್ಕೂ ಬಂತು ಕ್ಲಾಸಿಗೆ.
ಅಂಚಿಗೆ ಡಸ್ಟರು, ಕಂಪಾಸು ಪೆಟ್ಟಿಗೆ, ನನ್ನ ಬುತ್ತಿ ಹೇರಿ
ಮೇಜಿನ ಮೇಲೆ ಚೌಕ ಚೌಕವಾಗಿ ನಿಲ್ಲಿಸಿದೆವು.
"ಎಷ್ಟು ಚೌಕ?" ಅಂದೆ.
"ಚೌಕ ಅಲ್ಲ ಟೀಚರೇ, ಕಣ್ಣು."

ಹೌದಲ್ಲ.
ಬಲೆಗೆ ಇರುವುದು ಕಣ್ಣು.

ಬೆರಳಿಟ್ಟು ಎಣಿಸಿದರು. ಎಂಬತ್ತೆರಡು, ಎಂಬತ್ತೈದು,
ಜಗಳ, ಮತ್ತೆ ಒಂದರಿಂದ.
ಮೂಲೆಯಲ್ಲಿ ಸುಮ್ಮನಿದ್ದ ಜೆನಿಟಾ
"ಒಂದು ಸಾಲಿಗೆ ಹನ್ನೆರಡು, ಸಾಲು ಏಳು,
ಎಲ್ಲ ಯಾಕೆ ಎಣಿಸುದು?" ಅಂದಳು
ಪೆನ್ಸಿಲಿನ ತುದಿ ಕಚ್ಚುತ್ತ.
ನಾನು ನಾಳೆಗೆಂದು ಎತ್ತಿಟ್ಟಿದ್ದ ಸೂತ್ರ
ಇವತ್ತೇ ಬಂತು, ಕೊಂಕಣಿ ರಾಗದಲ್ಲಿ.

ಒಂದು ಕಡೆ ಹರಿದಿತ್ತು, ನಾಲ್ಕು ಕಣ್ಣು ಕೂಡಿ ಒಂದು ಬಾಯಿ.
"ಇದು ಒಂದಾ, ನಾಲ್ಕಾ?"
"ಹರಿಯುವ ಮುಂಚೆ ನಾಲ್ಕು," ಅಂದ ಧನ್ವಿತ್,
"ಈಗಲೂ ಜಾಗ ನಾಲ್ಕರದ್ದೇ. ಮೀನು ಮಾತ್ರ ಹೋಗ್ತದೆ."

ಊಟದ ಬೆಲ್ಲಿಗೆ ಬಲೆ ಮಡಚುವಾಗ
ಅವನೊಂದು ಮೂಲೆ, ಸಫೂರ ಎದುರು ಮೂಲೆ, ಎಳೆದಾಟ.
ಚೌಕಗಳು ಓರೆಯಾದವು, ಸಪುರವಾದವು,
ಎಂಬತ್ತನಾಲ್ಕು ಕಣ್ಣು ಒಟ್ಟಿಗೆ ಮುಚ್ಚಿ
ಬಲೆ ಹಗ್ಗವಾಯಿತು.
"ಟೀಚರೇ, ಮೇಜು ಪೂರಾ ಹೊರಗೆ ಬಂತು!"
ಅವರೆಲ್ಲ ತಟ್ಟೆ ಹಿಡಿದು ಓಡಿದ ಮೇಲೆ
ಅಂಚಿನ ದಾರ ಅಳೆದು ನೋಡಿದೆ, ಗುಟ್ಟಾಗಿ.
ಒಂದು ಗಂಟೂ ಕಡಿಮೆಯಾಗಿಲ್ಲ.
ಸುತ್ತಳತೆ ಅಷ್ಟೇ ಇದೆ, ಒಳಗೆ ಏನೂ ಇಲ್ಲ.
ಹದಿನಾರು ವರ್ಷ ಇದೇ ಪಾಠ ಮಾಡಿದ್ದೇನೆ.
ಕೈಪಿಡಿಯಲ್ಲಿ ಇದು ಇರಲಿಲ್ಲ;
ಇದ್ದರೂ ಆ ಪುಟ ನಾನು ತಿರುವಿರಲಿಲ್ಲ.

ಶುಕ್ರವಾರ ಅಂಗಳ ಅಳೆಯಲು ಹೊರಗೆ ಹೋದೆವು.
ಕಳೆದ ಆಟಿಯಲ್ಲಿ ಕಡಲು ಕೊರೆದ ಕಡೆ
ಬಾವಿಕಟ್ಟೆಯ ಅರ್ಧ ಗಾಳಿಯಲ್ಲಿ ನಿಂತಿದೆ.
ಬೇಲಿಗೆ ಒರಗಿ, ಬಲೆಯನ್ನು ಮುಖದೆದುರು ಹಿಡಿದು,
ಆಚೆಯ ನೊರೆಯ ಮೇಲೆ
ಸಫೂರ ಕಣ್ಣು ಎಣಿಸುತ್ತಿದ್ದಳು.
ಹಿಂದೆ ಬಾ ಎಂದು ಕರೆದೆ.
ಎಷ್ಟಾಯಿತು ಎಂದು ಕೇಳಲಿಲ್ಲ.

ಕ್ರಿಸ್‌ಮಸ್ ಪರೀಕ್ಷೆ. ಪ್ರಶ್ನೆ ಆರು:
ಉದ್ದ ಐದು, ಅಗಲ ಮೂರು ಸೆಂಟಿಮೀಟರ್.
ವಿಸ್ತೀರ್ಣ ಎಷ್ಟು?
ಕೆಂಪು ಪೆನ್ನು ಹಿಡಿದು ಕೂತಿದ್ದೇನೆ, ಧನ್ವಿತನ ಉತ್ತರದೆದುರು.
ಗೆರೆ ಮೀರಿದ ದಪ್ಪಕ್ಷರದಲ್ಲಿ:
ಹದಿನೈದು ಕಣ್ಣು.
ಅದರ ಕೆಳಗೆ, ಆಮೇಲೆ ನೆನಪಾಗಿ ಸೇರಿಸಿದ್ದು,
ಸ್ವಲ್ಪ ಸಣ್ಣದಾಗಿ:
ಎಳೆಯದಿದ್ದರೆ.