ಹಾಸನದ ದರ

ಅಂಗಡಿಯಲ್ಲಿ ನನ್ನ ಕೆಲಸ ಬೆಲೆಚೀಟಿ ಬರೆಯುವುದು.
ಅಕ್ಷರ ದುಂಡಗಿದೆಯೆಂದು ಪುಖರಾಜ್ ಸೇಠ್ ಕೊಟ್ಟದ್ದು;
ಜೊತೆಗೆ ಧೂಳು ಹೊಡೆಯುವುದು, ಬಿಲ್ಲು ಹರಿಯುವುದು,
ಗಿರಾಕಿಯಿಲ್ಲದಾಗ ಬಿ.ಎಂ. ರಸ್ತೆಯ ಲಾರಿ ಎಣಿಸುವುದು.

ಆ ವರ್ಷ ಡಿವಿಡಿ ಪೆಟ್ಟಿಗೆ ಬಂತು.
ಬೆಂಗಳೂರಿನಲ್ಲಿ ಆರು ಸಾವಿರದ ಎಂಟುನೂರು,
ಮೈಸೂರಿನಲ್ಲಿ ಏಳೂಕಾಲು,
ಹಾಸನ ಮುಟ್ಟುವಷ್ಟರಲ್ಲಿ ಎಂಟು ಸಾವಿರದ ನೂರು.
ಯಾಕೆಂದರೆ ಸೇಠ್‌ಗೆ ದಿನಕ್ಕೊಂದು ಕಾರಣ:
ಲಾರಿ ಬಾಡಿಗೆ, ತೆರಿಗೆ, ಕುಣಿಗಲ್ ದಾಟಿದರೆ ರಸ್ತೆ ಸರಿಯಿಲ್ಲ.
ಬೇಲೂರಿನವರು ನಮ್ಮಲ್ಲೇ ಕೊಂಡು
ಮೇಲೆ ಇನ್ನೂರಿಟ್ಟು ಮಾರಿದರು.
ಬಸ್ಸಿನ ಟಿಕೆಟ್ಟಿನ ಹಾಗೆ,
ಸ್ಟೇಜು ದಾಟಿದಂತೆ ದರ.

ಡಬ್ಬದ ಹಿಂದೆ ಪುಟ್ಟ ಭೂಗೋಳ, ಅದರೊಳಗೆ ಐದು.
ಲೋಕವನ್ನು ಯಾರೋ ಪಾಲು ಮಾಡಿದ್ದರು;
ನಮಗೂ ರಷ್ಯಾದವರಿಗೂ ಒಂದೇ ಹಿಸ್ಸೆ.
ಬೇರೆ ಪಾಲಿನ ಡಿಸ್ಕು ಇಟ್ಟರೆ ಪೆಟ್ಟಿಗೆ ನಾಲಿಗೆ ಚಾಚಿ ಹೊರಗೆ ಹಾಕುತ್ತದೆ.
ಈ ಪಾಲುಪಟ್ಟಿಗೆ ಸಾಕ್ಷಿ ಹಾಕಿದವರು ಯಾರು ಅಂದೆ.
ಸೇಠ್ ಲೆಕ್ಕದ ಪುಸ್ತಕ ತೆರೆದರು.

ಧರಣೇಂದ್ರಯ್ಯ ಮೊದಲು ಬಂದದ್ದು ಯುಗಾದಿಗೆ ಮುಂಚೆ.
ಸಾಲಗಾಮೆ ರಸ್ತೆಯಲ್ಲಿ ಬೆರಳಚ್ಚು ಶಾಲೆ,
ಕಂಪ್ಯೂಟರ್ ಬಂದ ಮೇಲೆ
ಹನ್ನೊಂದು ಯಂತ್ರಕ್ಕೆ ಮೂವರು ಹುಡುಗಿಯರು.
ಜೇಬಿನಿಂದ ಡೈರಿ ತೆಗೆದು, ನನ್ನ ಚೀಟಿ ನೋಡಿ ಬರೆದುಕೊಂಡರು: ೮೧೦೦.
"ವಿಸಿಡಿ ಮೂರಕ್ಕೇ ಸಿಗುತ್ತೆ ಸಾರ್."
"ಅದರಲ್ಲಿ ಅಡಿಗೆ ಅಕ್ಷರ ಬರಲ್ಲವಲ್ಲಮ್ಮ."

ತಿಂಗಳಿಗೊಮ್ಮೆ ಬಂದರು. ೭೬೦೦. ೭೬೦೦. ೬೯೫೦.
ಆಷಾಢದಲ್ಲಿ ದರ ಇಳಿಯಿತು, ಮಾಲಿಲ್ಲ.
ದೀಪಾವಳಿಗೆ ಮಾಲು ಬಂತು, ದರ ಮತ್ತೆ ಅಟ್ಟ ಹತ್ತಿತು.
ಮುಂದಿನ ವಾರ ಸಾರ್, ಮುಂದಿನ ವಾರ,
ನನ್ನ ಬಾಯಲ್ಲಿ ಆ ಮಾತು ಅಂಟಿ
ಮನೆಯಲ್ಲಿ ಅಮ್ಮ ನೀರು ಕೇಳಿದರೂ ಅದೇ.
ಕಡೆಗೆ ಸೇಠ್‌ಗೆ ಕೇಳದಂತೆ ಹೇಳಿದೆ:
ಬೆಂಗಳೂರಿಗೆ ಹೋಗಿ ತನ್ನಿ.
"ಪದ್ಮಲತಾನ ಒಬ್ಬಳನ್ನೇ ಬಿಟ್ಟೇ?
ಬಾಗಿಲು ಬಡಿದರೂ ಅವಳಿಗೆ ತಿಳಿಯೊಲ್ಲ."
ಅಕ್ಷರ ಯಾರಿಗೆಂದು ಆಗ ತಿಳಿಯಿತು ನನಗೆ.

ಧನುರ್ಮಾಸದಲ್ಲಿ, ೫೪೦೦ಕ್ಕೆ,
ಪೆಟ್ಟಿಗೆಯನ್ನು ಎಳೆಮಗುವಿನ ಹಾಗೆ ತಬ್ಬಿ ಆಟೋ ಹತ್ತಿದರು.

ಮೂರನೇ ದಿನ ಬರಿಗೈಯಲ್ಲಿ ಬಂದರು.
ಸಿನಿಮಾ ಕನ್ನಡದ್ದು, ಅಡಿಗೆ ಬಂದದ್ದು ಇಂಗ್ಲಿಷು.
ಶೋಕೇಸಿನ ಪೆಟ್ಟಿಗೆಗೆ ಅದೇ ಡಿಸ್ಕು ಹಾಕಿ ಪಟ್ಟಿಯೆಲ್ಲ ತಿರುವಿದೆವು:
ಇಂಗ್ಲಿಷು, ಅರಬ್ಬಿ, ಮತ್ತೆ ಇಂಗ್ಲಿಷು.
ಹೆಂಡತಿ ಹಳೇಬೀಡಿನ ಶಾಲೆಯಲ್ಲಿ ಏಳನೇ ಕ್ಲಾಸು.
ಮಾರಿದ ಮಾಲು ವಾಪಸಿಲ್ಲ ಎನ್ನಲು ಬಾಯಿ ತೆರೆದಿದ್ದೆ;
ಅವರು ಕೇಳಿದ್ದು ಬೇರೆ:
"ತಡೆದು ನಿಲ್ಲಿಸಿದರೆ
ಎಷ್ಟು ಹೊತ್ತು ನಿಂತಿರುತ್ತೆ, ಇದು?"

ವರ್ಷ ಕಳೆದು ರಿಮೋಟ್ ಹಿಡಿದು ಬಂದರು.
ಉಳಿದ ಗುಂಡಿಗಳೆಲ್ಲ ಡಬ್ಬದಿಂದ ಈಗ ತೆಗೆದಂತೆ;
ಒಂದೇ ಒಂದರ ರಬ್ಬರು ಸವೆದು ಒಳಗಿನ ಹಸಿರು ತಗಡು ಇಣುಕುತ್ತಿತ್ತು.
ಒಂದು ಮಾತು, ನಿಲ್ಲಿಸುವುದು.
ಕನ್ನಡದ ಯಂತ್ರದಲ್ಲಿ ಕುಟ್ಟಿ, ಹಾಳೆ ಎಳೆದು ಕೊಡುವುದು.
ಆಕೆ ಓದಿ, ನಕ್ಕು, ಮುಂದೆ ಎಂದು ಕೈಯಾಡಿಸುವುದು.
ಎರಡೂವರೆ ಗಂಟೆಯ ಸಿನಿಮಾಕ್ಕೆ ಹತ್ತೊಂಬತ್ತು ಸಂಜೆ.
"ಹಾಡು ಬಂದರೆ ಮಾತ್ರ ಬಿಟ್ಟುಬಿಡ್ತೀನಿ.
ಕುಣಿಯೋದು ಕಾಣುತ್ತಲ್ಲ."

ಬಿಡಿ ರಿಮೋಟ್ ಹಾಸನಕ್ಕೆ ಬರುವುದಿಲ್ಲ.
ಮೈಸೂರಿಗೂ ಇಲ್ಲ; ಚೆನ್ನೈಗೆ ಬರೆದು ನೋಡಿ ಎಂದರು ಏಜೆಂಟರು.

ಸಂಜೆ ಶಟರ್ ಎಳೆಯುವಾಗ ಸೇಠ್ ಕೇಳಿದರು,
ಶೋಕೇಸಿನ ಪೆಟ್ಟಿಗೆಯ ರಿಮೋಟ್ ಎಲ್ಲಿ?
ಬಿಲ್ ಪುಸ್ತಕ ತಿರುವಿದರು. ಅಲ್ಲೇನೂ ಇರಲಿಲ್ಲ.
"ಮುಂದಿನ ವಾರ ಬರುತ್ತೆ" ಅಂದೆ.