ತಾಮ್ರಕ್ಕೆ ಕೊಟ್ಟ ಕಿವಿ

ನಲವತ್ತಾರು ವರ್ಷ ತಾಮ್ರಕ್ಕೆ ಕಿವಿಗೊಟ್ಟೆ.
ಕೊಟ್ಟದ್ದನ್ನು ತಾಮ್ರ ವಾಪಸು ಕೊಡಲಿಲ್ಲ.
ಆಂಟೆಪ್ ಊರಿನ ತಾಮ್ರಗಾರರ ಓಣಿಯಲ್ಲಿ
ಇದೇನು ಹೊಸ ಸುದ್ದಿಯಲ್ಲ.
ಇಲ್ಲಿ ಬೆಕ್ಕುಗಳೂ ಅಡೆಗಲ್ಲಿನ ಪಕ್ಕ ನಿದ್ದೆ ಹೊಡೆಯುತ್ತವೆ,
ಮೀನಿನ ವಾಸನೆಗೆ ಏಳುತ್ತವೆ, ಕರೆದರೆ ಏಳುವುದಿಲ್ಲ.

ಹಾಗೆಂದು ಯಾರೂ ನನ್ನನ್ನು ಬೈಯಲಿಲ್ಲ.
"ಏನಂದೆ?" ಎಂದು ಕೇಳಿದರೆ
ಹೆಂಡತಿ ಶುಕ್ರಾನ್ ಮೊದಲೆಲ್ಲ ಎರಡು ಸಲ ಹೇಳುತ್ತಿದ್ದಳು,
ಆಮೇಲೆ ಒಂದು ಸಲ, ಜೋರಾಗಿ,
ಆಮೇಲೆ "ಏನಿಲ್ಲ ಬಿಡು."
ಚಹಾದಂಗಡಿಯ ಬೆದ್ರಿಯೂ ಏನಿಲ್ಲ ಬಿಡು,
ಮೊಮ್ಮಗಳೂ ಏನಿಲ್ಲ ಬಿಡು.
ಒಂದು ಕೋಣೆ ತುಂಬುವಷ್ಟು ಏನಿಲ್ಲಗಳು
ನನ್ನ ಸುತ್ತ ಪೇರಿಕೊಂಡು ಕೂತಿದ್ದವು.

ಈಗ ಕಿವಿಗಳ ಹಿಂದೆ ಎರಡು ಬೂದು ಅವರೆಕಾಳು,
ಜೇಬಿನಲ್ಲಿ ಅವುಗಳ ಯಜಮಾನ, ಫೋನು.
ಆಸ್ಪತ್ರೆಯ ಹುಡುಗಿ ನಿಲಾಯ್ ಬೆರಳಾಡಿಸಿ ತೋರಿಸಿದಳು:
ಇದು ಮನೆಗೆ, ಇದು ಬೀದಿಗೆ, ಇದು ಹೋಟೆಲಿಗೆ.
"ಗದ್ದಲ ಯಾವುದು ಅಂತ ಇದಕ್ಕೇ ಗೊತ್ತಾಗುತ್ತೆ ಉಸ್ತಾ,
ತಾನೇ ತಗ್ಗಿಸುತ್ತೆ."

ಮೊದಲ ವಾರ ಜಗತ್ತೆಲ್ಲ ಬರೀ ಚಮಚ.
ಚಹಾದಂಗಡಿಯಲ್ಲಿ ಇಪ್ಪತ್ತು ಲೋಟ, ಇಪ್ಪತ್ತು ಚಮಚ,
ಸಕ್ಕರೆ ಕರಗಿದ ಮೇಲೂ ಯಾಕೆ ತಿರುಗಿಸುತ್ತಾರೋ!
ಫೋನನ್ನು ಬೆದ್ರಿಯ ಎದುರು ಮೇಜಿನ ಮೇಲಿಟ್ಟರೆ
ಅವನ ಮಾತು ಚಮಚಗಳನ್ನು ದಾಟಿ ನೆಟ್ಟಗೆ ಬರುತ್ತದಂತೆ.
ಬಂತು. ಹತ್ತು ವರ್ಷ ಕೇಳದೆ ಉಳಿದದ್ದು ಇದೇ ಏನು?
ಮೊಣಕಾಲು. ಅಳಿಯ. ಪಿಸ್ತಾದ ಬೆಲೆ.
ಬಸ್ಸಿನಲ್ಲಿ ಯಾರಾದರೂ ಕರೆ ಮಾಡಿದರೆ ತಲೆಯೊಳಗೇ ಗಂಟೆ;
ಗಾಳಿಗೆ ಉತ್ತರ ಕೊಡುವ ಮುದುಕನನ್ನು ಕಂಡು
ಪಕ್ಕದ ಹೆಂಗಸು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಗುರುವಾರ ಅಂಗಡಿಗೆ ಹೋದೆ.
ಹೋದರೆ, ಓಣಿಯೇ ಇಲ್ಲ.
ಸುತ್ತಿಗೆಗಳು ಏಳುತ್ತಿವೆ, ಬೀಳುತ್ತಿವೆ,
ಹತ್ತಿಯ ಮೇಲೆ ಬಿದ್ದ ಹಾಗೆ.
ಯಂತ್ರಕ್ಕೆ ಗದ್ದಲ ಸಿಕ್ಕಿತ್ತು.
ಹೇಳಿದ ಕೆಲಸ ಅಚ್ಚುಕಟ್ಟಾಗಿ ಮಾಡಿ
ಒರೆಸಿ ಹಾಕಿತ್ತು, ಅಪ್ಪನನ್ನೂ, ನನ್ನನ್ನೂ.
ಫೋನು ತೆಗೆದೆ. ಹೆಬ್ಬೆರಳು ತಡವರಿಸಿತು.
ನಿಲಾಯ್ ತೋರಿಸಿದ್ದಕ್ಕೆ ತದ್ವಿರುದ್ಧವಾಗಿ
ಗೀಟನ್ನು ಎಳೆದೆ, ಕೊನೆಯ ತನಕ.

ಅಬ್ಬಾ.
ಹಲ್ಲಿನ ಬೇರಿಗೇ ತಾಗಿತು.
ನಿಝಾರ್ ತಟ್ಟೆ ಬಡಿಯುತ್ತಿದ್ದ. ಅಲೆಪ್ಪೊದ ಹುಡುಗ,
ಮೂರು ವರ್ಷದಿಂದ ನನ್ನ ಕೈಕೆಳಗೆ;
ಅವನಿಗೆ ಕಣ್ಣಿನಲ್ಲೇ ಕಲಿಸಿದ್ದೆ, ಕಿವಿಯಲ್ಲಲ್ಲ.
ನಾಲ್ಕು ಪೆಟ್ಟು ಟಣ್, ಐದನೆಯದು ಟಪ್.
"ನಿಲ್ಲಿಸು, ಅಂಚು ತೆಳುವಾಗಿದೆ."
ಬೆರಳಿಟ್ಟು ನೋಡಿದ. ಆಮೇಲೆ ನನ್ನ ಕಿವಿ ನೋಡಿದ.
ಇನ್ನೂ ಚೆನ್ನಾಗಿ ಕೇಳಲೆಂದು ಫೋನನ್ನು
ಅವನ ಪಕ್ಕದ ಸ್ಟೂಲಿನ ಮೇಲಿಟ್ಟೆ,
ಸಂಜೆ ಅಲ್ಲೇ ಮರೆತು ಹೊರಟೆ.

ಓಣಿಯಲ್ಲಿ ನಾನು, ಕಿವಿಯಲ್ಲಿ ಅಂಗಡಿ.
ಮುದುಕ ಹೋದನೆಂದು ಹುಡುಗ ಸುತ್ತಿಗೆ ಬದಲಿಸಿದ.
ಮೂರು ಭಾರ, ಒಂದು ಹಗುರ, ಒಂದು ಉಸಿರು,
ಮೂರು ಭಾರ, ಒಂದು ಹಗುರ.
ನಾನು ಕಲಿಸಿದ ನಡೆಯಲ್ಲ ಅದು.
ಗಡಿಯಾಚೆ ಅವನಜ್ಜನ ಅಂಗಡಿಯಲ್ಲಿ
ಹೀಗೆ ಬಡಿಯುತ್ತಿದ್ದರೇನೋ. ಆ ಅಂಗಡಿ ಈಗಿಲ್ಲ
ಎಂದು ಒಮ್ಮೆ ಹೇಳಿದ್ದ, ಅಥವಾ ಅವನು
ಹೇಳಿದ್ದು ಬಹಳ, ನನಗೆ ಕೇಳಿದ್ದು ಅಷ್ಟು.
ತಟ್ಟೆ ಒಪ್ಪಿಕೊಂಡಿತ್ತು. ಒಂದೂ ಟಪ್ ಇಲ್ಲ.

ಮೆಣಸಿನಪುಡಿಯ ಅಂಗಡಿಯ ಮುಂದೆ ನಿಂತುಬಿಟ್ಟೆ.
ಇನ್ನೊಂದು ಹೆಜ್ಜೆಯಿಟ್ಟರೆ ಕೊಂಡಿ ಕಳಚುತ್ತದೆ.
ಚೀಲದ ಬಾಯಿ ಬಿಚ್ಚುತ್ತ ಅಂಗಡಿಯವ ಕೇಳಿದ:
"ಒಬ್ಬನೇ ನಗ್ತಾ ಇದೀಯಲ್ಲ ಉಸ್ತಾ, ಏನು?"
"ಏನಿಲ್ಲ ಬಿಡು," ಅಂದೆ.
ಅವನ ಮುಖ ಚೂರು ಬಾಡಿತು.
ಕಾಲು ಕಿಲೋ ಕಟ್ಟಿಸಿಕೊಂಡೆ,
ಮನೆಯಲ್ಲಿ ಬೇಕಾದಷ್ಟಿದ್ದರೂ.